ನಾಲ್ಕು ಎಕರೆ ಹಡಗು

ಸ್ಯಾನ್ ಡಿಯಾಗೋದ ಕನ್ನಡದ ಮನೆಗಳಲ್ಲಿ, ಊರಿನಿಂದ ಬಂದ ಅಪ್ಪ-ಅವ್ವನಿಗೆ ತೋರಿಸಲೇಬೇಕಾದ ಜಾಗಗಳ ಪಟ್ಟಿಯೊಂದು ಇರುತ್ತದೆ. ಯಾರು ಬರೆದಿದ್ದೋ, ಎಲ್ಲರ ಮನೆಯಲ್ಲೂ ಅದೇ ಪಟ್ಟಿ. ಮೊದಲ ವಾರ ಬರೀ ನಿದ್ದೆ. ಆಮೇಲೆ ಝೂ, ಬಲ್ಬೋವಾ ಪಾರ್ಕ್, ಲಾ ಹೋಯಾದ ಬಂಡೆಗಳ ಮೇಲೆ ಕೆಲಸವಿಲ್ಲದೆ ಬಿದ್ದುಕೊಂಡಿರುವ ಸೀಲ್‌ಗಳು. ಇಷ್ಟು ಮುಗಿಯುವ ಹೊತ್ತಿಗೆ ಅವ್ವನ ಮೊಣಕಾಲು, ಅಪ್ಪನ ತಾಳ್ಮೆ, ಸೊಸೆಯ ರಜೆ ಮೂರೂ ಮುಗಿದಿರುತ್ತವೆ. ಆಗ ಉಳಿಯುವುದು ಬಂದರಿನಲ್ಲಿ ಕಟ್ಟಿ ನಿಲ್ಲಿಸಿದ ವಿಮಾನವಾಹಕ ಯುದ್ಧನೌಕೆ, ಯುಎಸ್‌ಎಸ್ ಮಿಡ್‌ವೇ.

ಮೇ ತಿಂಗಳ ಕೊನೆಯ ಸೋಮವಾರ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನವೆಂದು ಇಲ್ಲಿ ಎಲ್ಲರಿಗೂ ರಜೆ. ಹೊರಟೆವು. ನಮ್ಮಪ್ಪ ಮೋಟೆಬೆನ್ನೂರಿನ ರೈತರು. ಡಾಲರನ್ನು ರೂಪಾಯಿಗೆ ತಿರುಗಿಸುವ ಚಟ ಅವರಿಗಿಲ್ಲ, ನೇರವಾಗಿ ಮೆಣಸಿನಕಾಯಿಗೆ ತಿರುಗಿಸುತ್ತಾರೆ. ಐದು ಟಿಕೆಟ್ಟಿಗೆ ಎಷ್ಟಾಯಿತು ಎಂದು ಕೇಳಿಕೊಂಡು, “ಒಂದ್ ಚೀಲ ಡಬ್ಬಿ ಹೋತು” ಅಂದರು. ಕಡ್ಡಿ ಮೆಣಸಿನಕಾಯಿಯಲ್ಲಿ ಅಲ್ಲ, ಡಬ್ಬಿ ಮೆಣಸಿನಕಾಯಿಯಲ್ಲಿ. ಸಂಕಟ ಜಾಸ್ತಿಯಾದಾಗ ಅವರು ದರ ಹೆಚ್ಚಿರುವುದರಲ್ಲೇ ಲೆಕ್ಕ ಹಾಕುವುದು.

ಅಪ್ಪನಿಗೆ ಯುದ್ಧದ ಹಡಗು ಹೊಸದೇನಲ್ಲ. ಕಾರವಾರದ ಟಾಗೋರ್ ಕಡಲತೀರದಲ್ಲಿ ಉಸುಕಿನ ಮೇಲೆ ನಿಂತಿರುವ ‘ಚಪಲ್’ ನೋಡಿದ್ದಾರೆ. 1971ರಲ್ಲಿ ಕರಾಚಿ ಬಂದರಿಗೆ ಬೆಂಕಿ ಹಚ್ಚಿದ ಕ್ಷಿಪಣಿ ದೋಣಿಗಳ ವಂಶದ್ದು ಅದು, ಉದ್ದ 38 ಮೀಟರ್ ಚಿಲ್ಲರೆ. ಹಾಗಾಗಿ ದೊಡ್ಡದೇನೂ ನಿರೀಕ್ಷಿಸದೆ ಬಂದವರು, 1,001 ಅಡಿ ಉದ್ದದ ಕಬ್ಬಿಣದ ಗೋಡೆಯ ಕೆಳಗೆ ನಿಂತು ಕತ್ತು ಎತ್ತಿ ನೋಡಿದರು. “ಇದು ಯಾವ ಯುದ್ಧ ಗೆದ್ದೇತಿ?” ಎಂಬುದು ಮೊದಲ ಪ್ರಶ್ನೆ.

ಇಲ್ಲೇ ನನ್ನ ಮಾನ ಹೋಗಬೇಕಿತ್ತು. ಜಪಾನ್ ಶರಣಾಗತಿಗೆ ಸಹಿ ಹಾಕಿದ್ದು 1945ರ ಸೆಪ್ಟೆಂಬರ್ 2ಕ್ಕೆ. ಈ ಹಡಗು ನೌಕಾಪಡೆಗೆ ಸೇರಿದ್ದು ಸೆಪ್ಟೆಂಬರ್ 10ಕ್ಕೆ. ಎಂಟು ದಿನ ತಡ.

“ತೇರು ಎಳದ್ ಮ್ಯಾಲ ಹಗ್ಗ ತಂದಂಗಾತು,” ಅಂದರು ಅಪ್ಪ.

ವಿಯೆಟ್ನಾಂ ಇದೆ, 1991ರ ಕೊಲ್ಲಿ ಯುದ್ಧ ಇದೆ, 1955ರ ತನಕ ಜಗತ್ತಿನಲ್ಲೇ ದೊಡ್ಡ ಹಡಗು ಇದಾಗಿತ್ತು ಎಂದು ನಾನು ಹಡಗಿನ ಪರವಾಗಿ ವಕೀಲಿ ಮಾಡಿದೆ. ಅಪ್ಪ ಕೇಳಿಸಿಕೊಂಡರು, ತೀರ್ಪು ಬದಲಿಸಲಿಲ್ಲ.

ಒಳಗೆ ಹೋದಮೇಲೆ ಆಟ ಅವ್ವನದು. ನೀರು ನುಗ್ಗದಂತೆ ಬಿಗಿದು ಮುಚ್ಚುವ ಉಕ್ಕಿನ ಬಾಗಿಲುಗಳು ಈ ಹಡಗಿನ ತುಂಬ ಇವೆ. ಒಂದೊಂದಕ್ಕೂ ಮೊಣಕಾಲಿಗೆ ತಾಗುವಷ್ಟು ಎತ್ತರದ ಹೊಸ್ತಿಲು. ಹೊಸ್ತಿಲು ಅಂದಮೇಲೆ ಮುಗೀತು. ಅವ್ವ ಮೊದಲನೆಯದರ ಮುಂದೆ ನಿಂತು ಸೀರೆಯ ನಿರಿಗೆ ಎತ್ತಿ ಹಿಡಿದಳು, ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಬಲಗಾಲಿಟ್ಟು ದಾಟಿದಳು. ಎರಡನೆಯದಕ್ಕೂ ಅಷ್ಟೇ, ಮೂರನೆಯದಕ್ಕೂ ಅಷ್ಟೇ. ಹಿಂದೆ ಸಾಲು ಬೆಳೆಯಿತು. ನಮ್ಮ ಬೆನ್ನಿಗಿದ್ದ ಕುಟುಂಬದ ಎರಡು ಮಕ್ಕಳು ಇದು ಹಡಗಿನ ನಿಯಮವೇ ಇರಬೇಕೆಂದುಕೊಂಡು ತಾವೂ ಬಗ್ಗಿ ಮುಟ್ಟತೊಡಗಿದವು. ಅವರಮ್ಮ ಗೋಡೆಯ ಮೇಲೆ ಎಲ್ಲಾದರೂ ಸೂಚನೆ ಬರೆದಿದೆಯೇ ಎಂದು ಹುಡುಕುತ್ತಿದ್ದರು. ನನ್ನ ಹೆಂಡತಿ, ಈ ಗುಂಪಿಗೂ ತನಗೂ ಸಂಬಂಧವಿಲ್ಲದವಳಂತೆ, ಒಂದು ವಾಲ್ವನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತಳು.

ಈಗ ವಸ್ತುಸಂಗ್ರಹಾಲಯವಾಗಿರುವ ಈ ಹಡಗಿನಲ್ಲಿ ಸಂಬಳವಿಲ್ಲದೆ ವಿವರಣೆ ಹೇಳುವ ಹಿರಿಯರಿದ್ದಾರೆ, ಬಹಳ ಮಂದಿ ಸೇನೆಯಲ್ಲಿದ್ದವರು. ಅಂಥ ಒಬ್ಬರು ಮೇಲಿನ ಅಂತಸ್ತಿನಲ್ಲಿ ನಮ್ಮನ್ನು ಹಿಡಿದರು. ಎಲ್ಲಿಂದ ಬಂದಿರಿ ಎಂದು ಅಪ್ಪನನ್ನೇ ಕೇಳಿದರು. ನಾನು ಅಭ್ಯಾಸಬಲದಿಂದ ಬೆಂಗಳೂರು ಹತ್ತಿರ ಅಂದೆ.

“ಬೆಂಗಳೂರ ಯಾಕಂದಿ?” ಅಪ್ಪ ತಿರುಗಿ ನಿಂತರು. “ಮುನ್ನೂರು ಕಿಲೋಮೀಟರ್ ದಾಟೇತಿ, ಹತ್ತಿರ ಅಂತ. ಮೋಟೆಬೆನ್ನೂರ ಅನ್ನು. ನಮ್ಮೂರಾಗೂ ಒಬ್ಬಾವ ಸಮುದ್ರದ ದಂಡಿಗೆ ನಡಕೋತ ಹೋಗಿದ್ದ, ಅದನ್ನೂ ಹೇಳು.”

ಹೇಳಿದೆ. 1930ರಲ್ಲಿ ಗಾಂಧೀಜಿ ಉಪ್ಪಿಗಾಗಿ ದಂಡಿಗೆ ಹೊರಟಾಗ ಜೊತೆಗೆ ನಡೆದ ಮೈಲಾರ ಮಹಾದೇವ ನಮ್ಮೂರಿನ ಹುಡುಗ, ಆಗ ವಯಸ್ಸು 18. ಆ ಹಿರಿಯರಿಗೆ ಗಾಂಧಿ ಗೊತ್ತಿತ್ತು. ಹುಡುಗ ಮುಂದೇನಾದ ಎಂದು ಕೇಳಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯ ವಸೂಲಿಯ ಠಾಣ್ಯಕ್ಕೆ ನುಗ್ಗಿದಾಗ ಪೊಲೀಸರ ಗುಂಡಿಗೆ ಬಿದ್ದ, ಜೊತೆಗೆ ಇನ್ನಿಬ್ಬರು, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಅದೇ ವರ್ಷ ಅಕ್ಟೋಬರಿನಲ್ಲಿ ಈ ಹಡಗು ಕಟ್ಟಲು ಶುರುಮಾಡಿದ್ದು ಎಂದರು ಆ ಹಿರಿಯರು. ಅಪ್ಪನಿಗೆ ಅವರು ಒಮ್ಮೆಲೇ ಬೀಗರಾಗಿಬಿಟ್ಟರು. ಅಲ್ಲಿಂದ ಮುಂದೆ ನನ್ನ ಕೆಲಸ ದುಭಾಷಿಯದು, ಸೆನ್ಸಾರ್ ಮಂಡಳಿಯದೂ ಹೌದು.

ಅವರು ಬಿಚ್ಚಿದ ಕತೆ 1975ರ ಏಪ್ರಿಲ್‌ನದು. ಸೈಗಾನ್ ಬೀಳುವ ಹೊತ್ತು. ಬುವಾಂಗ್ ಎಂಬ ದಕ್ಷಿಣ ವಿಯೆಟ್ನಾಂನ ಮೇಜರ್ ಹೆಂಡತಿಯನ್ನೂ ಐದು ಮಕ್ಕಳನ್ನೂ ಇಬ್ಬರು ಕೂರುವ ಪುಟ್ಟ ವಿಮಾನಕ್ಕೆ ತುಂಬಿಕೊಂಡು ಸಮುದ್ರದ ಮೇಲೆ ಹಾರಿಬಂದ. ಕೆಳಗೆ ಈ ಹಡಗು, ಅದರ ಮೇಲೆ ಇಳಿಯಲು ಜಾಗವಿಲ್ಲದಷ್ಟು ಹೆಲಿಕಾಪ್ಟರ್. ಜಾಗ ಮಾಡಿಕೊಡಿ, ಹೆಂಡತಿ ಮಕ್ಕಳನ್ನು ಉಳಿಸಿ ಎಂದು ಚೀಟಿ ಬರೆದು ಕೆಳಗೆ ಎಸೆದ. ಕ್ಯಾಪ್ಟನ್ ಲಾರೆನ್ಸ್ ಚೇಂಬರ್ಸ್ ಹೆಲಿಕಾಪ್ಟರುಗಳನ್ನು ಸಮುದ್ರಕ್ಕೆ ನೂಕಿಸಿದರು. ವಿಮಾನ ಇಳಿಯಿತು, ಏಳೂ ಜನ ಉಳಿದರು.

ಕೇಳಿದವರು ಸಾಮಾನ್ಯವಾಗಿ ಇಲ್ಲಿ ಚಪ್ಪಾಳೆ ತಟ್ಟುತ್ತಾರೆ. ಅಪ್ಪ ತಲೆದೂಗಿ, “ಭಾಳ ದೊಡ್ಡ ಮನಸಿನ ಮನಷ್ಯಾ” ಅಂದರು. ನಾನು ಅನುವಾದಿಸಿದೆ. ಆಮೇಲೆ, “ಹೆಲಿಕಾಪ್ಟರಿನ ರೊಕ್ಕ ಅವನ ಪಗಾರದಾಗ ಮುರಕೊಂಡ್ರ? ಕೇಳು.” ನಾನು ಹಿಂಜರಿದೆ. “ಕೇಳಲೇ ತಮ್ಮಾ!” ಕೇಳಿದೆ. ಆ ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರಶ್ನೆಯಲ್ಲಿ ಹುರುಳಿತ್ತು: ತನ್ನನ್ನು ಕೋರ್ಟ್ ಮಾರ್ಷಲ್ ಮಾಡುತ್ತಾರೆಂದೇ ಚೇಂಬರ್ಸ್ ಅಂದುಕೊಂಡಿದ್ದರಂತೆ. ಹಾಗೇನೂ ಆಗಲಿಲ್ಲ, ಮುಂದೆ ರಿಯರ್ ಅಡ್ಮಿರಲ್ ಆದರು.

ಅಡುಗೆಮನೆಯಲ್ಲಿ ಅವ್ವ ಹೆಚ್ಚು ಹೊತ್ತು ನಿಂತಳು. 4,500 ಜನ, ದಿನಕ್ಕೆ 10 ಟನ್ ಆಹಾರ ಎಂದೆ. ಆಳೆತ್ತರದ ಪಾತ್ರೆಗಳನ್ನು ಬೆರಳಿನಿಂದ ತಟ್ಟಿ ನೋಡಿ, “ಇವನ್ನ ತಿಕ್ಕಾವ್ರು ಯಾರು?” ಎಂದು ಕೇಳಿದಳು. ಯುದ್ಧದ ಇತಿಹಾಸ ಬರೆಯುವವರು ಯಾರೂ ಅದನ್ನು ಬರೆದಂತಿಲ್ಲ.

ಕೊನೆಗೆ ವಿಮಾನಗಳು ಏರಿಳಿಯುವ ಬಯಲು. ನಾಲ್ಕು ಎಕರೆ ಎಂದು ಹಿರಿಯರು ಹೇಳಿದ್ದೇ ತಡ, ಅಪ್ಪನ ಮುಖದ ಬಣ್ಣವೇ ಬದಲಾಯಿತು. ಅಲ್ಲಿಯವರೆಗೆ ಅಡಿ, ಟನ್ನು, ಮೈಲಿ ಎಂದು ಕೇಳಿ ಬೇಸತ್ತಿದ್ದವರಿಗೆ ಒಂದು ನಿಜವಾದ ಅಳತೆ ಸಿಕ್ಕಿತ್ತು. ಬಿಸಿಲು ನೋಡಿದರು, ಗಾಳಿ ನೋಡಿದರು. “ಇಲ್ಲಿ ಮಳಿ?” ವರ್ಷಕ್ಕೆ ಹತ್ತು ಇಂಚು ಎಂದೆ. ಚಪ್ಪಲಿ ಕಳಚಿ ಅಂಗಾಲಿನಿಂದ ನೆಲ ಉಜ್ಜಿದರು. ಚಕ್ರ ಜಾರದಿರಲೆಂದು ಬಳಿದ ತರಿತರಿ ಬಣ್ಣ ಅದು. “ಉರುಟೈತಿ. ಕಾಯಿ ಒಡದು ಬೀಜ ಉದರ್ತಾವ. ಕೆಳಗ ತಾಡಪಲ್ ಹಾಸಬೇಕು. ಈ ವಿಮಾನ ಒಂದೀಟ ಸರಸಿದ್ರ ಅರ್ಧ ಊರಿನ ಮೆಣಸಿನಕಾಯಿ ಒಣಗತಾವ.”

ಏನು ಹೇಳುತ್ತಿದ್ದಾರೆ ಎಂದು ಹಿರಿಯರು ನನ್ನತ್ತ ನೋಡಿದರು. ಹಡಗು ಬಹಳ ಮೆಚ್ಚಿದ್ದಾರೆ ಎಂದೆ.

ಅಷ್ಟರಲ್ಲಿ ಅಪ್ಪ ಮೊಬೈಲ್ ತೆಗೆದು ಊರಿನ ಗೆಳೆಯನಿಗೆ ವಿಡಿಯೊ ಕಾಲ್ ಮಾಡಿಯಾಗಿತ್ತು. ಅಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಆದರೆ ಸೋಮವಾರ ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಿನ, ಕೋಲ್ಡ್ ಸ್ಟೋರೇಜಿನಲ್ಲಿ ನಮ್ಮ ಚೀಲಗಳಿವೆ, ದರ ಕೇಳದೆ ಅವರಿಗೆ ನಿದ್ದೆ ಹತ್ತುವುದಿಲ್ಲ. ದರ ಕೇಳಿದ ಮೇಲೆ ಫೋನನ್ನು ಸುತ್ತ ತಿರುಗಿಸಿ ತೋರಿಸಿದರು.

“ಎಲ್ಲಿ ನಿಂತೀಯೋ ಮಾರಾಯಾ?” ನಿದ್ದೆಗಣ್ಣಿನ ದನಿ.

“ಹಡಗದ ಮ್ಯಾಲ. ನಾಕ್ ಎಕರೆ ಐತಿ.”

“ಮಟ್ಟಸ ಐತೇನು?”

“ಒಂದ್ ಹಳ್ಳಿಲ್ಲ, ಒಂದ್ ದಿನ್ನಿಲ್ಲ.”

“ನೀರಿನ ಅನುಕೂಲ?”

“ನಾಕೂ ಕಡಿ ನೀರ. ಖರೆ ಉಪ್ಪನೀರ.”

ಆ ಕಡೆಯಿಂದ ಒಂದು ದೊಡ್ಡ ಆಕಳಿಕೆ ಬಂತು. “ಉಪ್ಪನೀರಾದ್ರ ಬ್ಯಾಡ ಬಿಡೋ. ಸಂಚಕಾರ ಏನರೆ ಕೊಟ್ಟಿದ್ರ ಇಸಗೊಂಡು ಬಾ.”