ನಾಟಕದ ಅಂಕಗಳು

ನಾಟಕವು ದೃಶ್ಯಕಾವ್ಯವೆಂಬ ಮಾತಿನಿಂದ ಆರಂಭವಾಗದ ಉತ್ತರಪತ್ರಿಕೆಯನ್ನು ನಾನು ಕಂಡದ್ದು ಅಪರೂಪ. ಹಾಗೆ ಆರಂಭಿಸಿದವರ ಪೈಕಿ ನಾಟಕವೊಂದನ್ನು ಕಣ್ಣಾರೆ ಕಂಡವರು ಇನ್ನೂ ಅಪರೂಪ. ರಂಗಮಂದಿರದ ಹೊಸ್ತಿಲನ್ನು ತುಳಿಯದೆ, ಕೇವಲ ಗೈಡಿನ ಕೃಪಾಕಟಾಕ್ಷದಿಂದ, ಭರತಮುನಿಯನ್ನೂ ಅರಿಸ್ಟಾಟಲನನ್ನೂ ಒಂದೇ ಪುಟದಲ್ಲಿ ಕೂರಿಸಿ, ಇಬ್ಬರ ಹೆಸರಿನ ಕೆಳಗೂ ಸ್ಕೇಲಿಟ್ಟು ಗೆರೆಯೆಳೆಯುವ ಸಾಮರ್ಥ್ಯವು ನಮ್ಮ ಸಾಹಿತ್ಯವಿದ್ಯಾರ್ಥಿಗಳಿಗಲ್ಲದೆ ಅನ್ಯರಿಗೆ ಸಿದ್ಧಿಸಲಾರದು.

ಅದರಲ್ಲಿಯೂ 'ಸಂದರ್ಭಸಹಿತ ವಿವರಿಸಿ' ಎಂಬ ಪ್ರಶ್ನೆಯ ಮಹಿಮೆಯೇ ಬೇರೆ. ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಅದಕ್ಕೆ ಮೂರು ಮೆಟ್ಟಿಲು. ಆಯ್ಕೆಗೆ ನಾಟಕಕಾರನ ಹೆಸರು ನೆನಪಿದ್ದರೆ ಸಾಕು; ಸಂದರ್ಭಕ್ಕೆ ಧೈರ್ಯವಿದ್ದರೆ ಸಾಕು; ಸ್ವಾರಸ್ಯಕ್ಕೆ ಇವೆರಡೂ ಬೇಡ. ಮಾತು ಅಳುವಿನದಾದರೆ 'ಹೃದಯವಿದ್ರಾವಕ', ಕೋಪದ್ದಾದರೆ 'ಓಜಃಪೂರ್ಣ', ಏನೆಂದೇ ತಿಳಿಯದಿದ್ದರೆ 'ಅರ್ಥಗರ್ಭಿತ'.

ಬಿ.ಎಂ.ಶ್ರೀಯವರು ಸೊಫೋಕ್ಲೀಸನ ಏಜಾಕ್ಸ್ ನಾಟಕವನ್ನು ಮಹಾಭಾರತಕ್ಕೆ ಹೊಂದಿಸಿ, 1929ರಲ್ಲಿ 'ಅಶ್ವತ್ಥಾಮನ್' ಎಂಬ ರುದ್ರನಾಟಕವನ್ನು ರಚಿಸಿ, ಪುರಾಣಗಳು ಚಿರಂಜೀವಿಯೆಂದು ಸಾರಿದವನನ್ನು ಆತ್ಮಹತ್ಯೆಗೆ ಒಪ್ಪಿಸಿದರಷ್ಟೆ. ವಿದ್ವಾಂಸರಿಗೆ ಅದು ತೀರದ ಜಿಜ್ಞಾಸೆ. ಪರೀಕ್ಷಾರ್ಥಿಯಾದರೋ, ಅವನು ಸಾಯಬಾರದಿತ್ತೆಂದು ಒಂದೂವರೆ ಪುಟವನ್ನೂ, ಸತ್ತದ್ದೇ ಸರಿಯೆಂದು ಮತ್ತೊಂದೂವರೆ ಪುಟವನ್ನೂ ಸಮಚಿತ್ತದಿಂದ ತುಂಬಿ, ಗಂಟೆ ಬಾರಿಸುವ ಹೊತ್ತಿಗೆ 'ಎರಡು ಪಕ್ಷಗಳಲ್ಲಿಯೂ ಸತ್ಯಾಂಶವುಂಟು' ಎಂದು ತೀರ್ಪಿತ್ತು, ಅಡಿಷನಲ್ ಶೀಟಿಗೆ ದಾರ ಕಟ್ಟಿ ಎದ್ದುಬಿಡುತ್ತಾನೆ.

ಕೈಲಾಸಂ ಅವರ 'ಟೊಳ್ಳುಗಟ್ಟಿ'ಯ ಪಾಡು ಇದಕ್ಕಿಂತ ಸೊಗಸು. ಪಾಠಗಳನ್ನು ಉರುಹೊಡೆಯುವ ಪುಟ್ಟುವನ್ನು ಟೊಳ್ಳೆಂದೂ, ಓದು ತಲೆಗೆ ಹತ್ತದಿದ್ದರೂ ಕಷ್ಟಕಾಲದಲ್ಲಿ ಮನೆಯವರಿಗೆ ಒದಗುವ ಮಾಧುವನ್ನು ಗಟ್ಟಿಯೆಂದೂ ತೋರಿಸಿಕೊಟ್ಟ ಆ ನಾಟಕವನ್ನು ಹಿರಿಯರು ಪಠ್ಯವಾಗಿ ಇರಿಸಿದರು. ಇರಿಸಿದ್ದೇ ತಡ, ಉರುಹೊಡೆಯುವುದು ಎಷ್ಟು ಅನರ್ಥವೆಂಬ ನೋಟ್ಸನ್ನು ವಿದ್ಯಾರ್ಥಿಗಳೆಲ್ಲ ಅಕ್ಷರವೂ ತಪ್ಪದಂತೆ ಉರುಹೊಡೆದರು. ಇಂಗ್ಲಿಷನ್ನು ಧಾರಾಳವಾಗಿ ಬೆರೆಸಿಕೊಂಡು ಪಟಪಟನೆ ಹರಿಯುವ ಅದರ ಆಡುಮಾತಿನ ಬೆಡಗನ್ನು 'ಸಂಭಾಷಣಾಚಾತುರ್ಯವು ಅನ್ಯಾದೃಶವಾಗಿದೆ' ಎಂಬ ಗ್ರಾಂಥಿಕದಲ್ಲಿ ಹೂತಿಟ್ಟದ್ದೂ ಆಯಿತು.

ಮೌಲ್ಯಮಾಪನಕ್ಕೆಂದು ನಾನು ಕುಳಿತಿದ್ದಾಗ ಇದೇ ನಾಟಕದ ಮೇಲೆ ಎರಡು ಉತ್ತರಗಳು ಒಂದರ ಹಿಂದೊಂದು ಕೈಗೆ ಬಂದವು. ಮೊದಲನೆಯದು ಪೀಠಿಕೆ, ಉಪಸಂಹಾರ, ಅಡಿಗೆರೆಗಳಿಂದ ಅಲಂಕೃತವಾಗಿ ಆರು ಪುಟ ಹಬ್ಬಿತ್ತು. ಎರಡನೆಯದು ಅರ್ಧ ಪುಟ: ತನ್ನೂರ ಶಾಲೆಯ ವಾರ್ಷಿಕೋತ್ಸವದಲ್ಲಿ ಈ ನಾಟಕವಾಡಿದಾಗ ಪುಟ್ಟುವಿನ ಪಾತ್ರಧಾರಿ ಮಾತು ಮರೆತು ನಿಂತುಬಿಟ್ಟನೆಂದೂ, ಮಾಧುವಾಗಿದ್ದವನೇ ಮೆಲ್ಲನೆ ಹೇಳಿಕೊಟ್ಟು ನಾಟಕವನ್ನು ಉಳಿಸಿದನೆಂದೂ, ಅಂದಿನಿಂದ ತನಗೆ ಮಾಧುವನ್ನು ಕಂಡರೆ ಬಲು ಇಷ್ಟವೆಂದೂ ಬರೆದಿತ್ತು. ಓದಿ ಮನಸಾರೆ ನಕ್ಕು, ಪಕ್ಕದವರಿಗೂ ಓದಿ ಹೇಳಿದೆ. ತರುವಾಯ ನಿಯಮಾನುಸಾರವಾಗಿ ಮೊದಲನೆಯದಕ್ಕೆ ಹದಿನೈದರಲ್ಲಿ ಹನ್ನೊಂದು, ಎರಡನೆಯದಕ್ಕೆ ನಾಲ್ಕು ಅಂಕ ಕೊಟ್ಟೆ.