ಅಧಿಕ ಮಾಸದ ಮಾಲಕರು

ಮನೆ ಮಾಲಕರ ನಿಜರೂಪ ಕಾಣುವುದು ಮನೆ ಬಿಡುವಾಗ. ಸೇರುವಾಗ ಅವರು 'ಮನಿ ಮಂದಿ ಇದ್ಹಂಗ ಇರ್ರಿ' ಅನ್ನುತ್ತಾರೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಕರೆದೊಯ್ದು, ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಬಡಿಸಿ, ಸಾಕು ಅಂದರೂ ಬಿಡದೆ ಉಣಿಸುತ್ತಾರೆ. ವರ್ಗಾವಣೆ ಆಯಿತೆಂದು ಹೇಳಿ ನೋಡಿ. ಅದೇ ಪುಣ್ಯಾತ್ಮರು ಕನ್ನಡಕ ಏರಿಸಿ ವಹಿ ಬಿಚ್ಚುತ್ತಾರೆ.

ಸರ್ಕಾರ ನನ್ನನ್ನು ವಿಜಯಪುರ ಜಿಲ್ಲೆಯ ತಾಲೂಕುಗಳಲ್ಲಿ ಬೇಕಾದಷ್ಟು ತಿರುಗಿಸಿದೆ. ಸಿಂದಗಿಯ ಮಾಲಕರು ಗೋಡೆಗೆ ಬ್ಯಾಟರಿ ಹಿಡಿದು ಮೊಳೆಯ ತೂತು ಎಣಿಸಿದರು. ದೇವರ ಫೋಟೋದ ತೂತಿಗೆ ಮಾಫಿ, ನಮ್ಮ ಮದುವೆ ಫೋಟೋದ ತೂತಿಗೆ ದಂಡ. ಮುದ್ದೇಬಿಹಾಳದವರದು ಸಬ್ ಮೀಟರ್. 2023ರ ಆಗಸ್ಟಿನಿಂದ ಗೃಹಜ್ಯೋತಿಯಿಂದಾಗಿ ಹೆಸ್ಕಾಂ ಬಿಲ್ಲು ಸೊನ್ನೆ ಬಂದರೂ ಆ ಸಬ್ ಮೀಟರು ಸೊನ್ನೆಯನ್ನು ಕಲಿಯಲೇ ಇಲ್ಲ. ಬಸವನ ಬಾಗೇವಾಡಿಯವರು, 'ಬಿಜ್ಜಳನ ಭಂಡಾರ ನೋಡ್ಕೊಂಡ ಬಸವಣ್ಣ ಹುಟ್ಟಿದ ಊರ್ರೀ ಇದು, ಒಂದ್ ಪೈ ಹೆಚ್ಚುಕಡಿಮಿ ಆಗಂಗಿಲ್ಲ' ಅಂದರು. ಹೆಚ್ಚು ಅವರಿಗೆ, ಕಡಿಮೆ ನನಗೆ ಆಯಿತು.

ಇವರೆಲ್ಲ ಇಂಡಿಯ ಗೌಡರ ಮುಂದೆ ಬಾಲವಾಡಿ ಮಕ್ಕಳು.

ಗೌಡರದು ಲಿಂಬೆ ತೋಟ, ಊರೊಳಗೆ ಮೂರು ಖೋಲಿಯ ಬಾಡಿಗೆ ಮನೆ. ಕೊನೆಯ ದಿನ ಡಿಪಾಜಿಟ್ ಇಸಿದುಕೊಳ್ಳಲು ಹೋದರೆ, 'ಒಂದ್ ತಿಂಗಳ ಬಾಡಿಗಿ ಬಾಕಿ ಐತಲ್ರೀ ಸಾಹೇಬ್ರ' ಅಂದರು. ತಿಂಗಳು ತಿಂಗಳು ಒಂದನೇ ತಾರೀಖಿಗೆ ಕೊಟ್ಟಿದ್ದನ್ನು ಫೋನಿನಲ್ಲಿ ತೋರಿಸಿದೆ. ಅವರು ಫೋನಿನ ಕಡೆ ಕಣ್ಣೂ ಹಾಯಿಸದೆ ಹಳೇ ಪಂಚಾಂಗ ತೆಗೆದು, ಎಂಜಲು ಹಚ್ಚಿದ ಬೆರಳಿನಿಂದ ಹಾಳೆ ತಿರುವಿ, ಅಮಾವಾಸ್ಯೆಗಳನ್ನು ಎಣಿಸತೊಡಗಿದರು. 2023ಕ್ಕೆ ಬಂದು ಬೆರಳು ನಿಂತಿತು. 'ಇಲ್ನೋಡ್ರಿ. ಅಧಿಕ ಶ್ರಾವಣ. ಆ ವರ್ಸ ಶ್ರಾವಣ ಎರಡು.'

'ಅದಕ್ಕ ನಾ ಏನ್ ಮಾಡ್ಲಿ ಗೌಡ್ರ?'

'ಅಧಿಕ ಮಾಸದಾಗ ನೀವು ಮನ್ಯಾಗ ಮಲಗಿಲ್ಲೇನ್ರೀ?'

ಚಂದ್ರನ ವರ್ಷ 354 ದಿನ, ಸೂರ್ಯನದು 365. ವರ್ಷಕ್ಕೆ ಹನ್ನೊಂದು ದಿನ ಉಳಿದು ಉಳಿದು, ಮೂರು ವರ್ಷ ತುಂಬುವುದರೊಳಗೆ ಒಂದು ತಿಂಗಳಾಗಿ ಬಂದು ಕೂಡುತ್ತದೆ. ಹತ್ತೊಂಬತ್ತು ವರ್ಷಕ್ಕೆ ಇಂಥವು ಏಳು. ಅಂದರೆ ಒಬ್ಬ ಬಾಡಿಗೆದಾರ ಅಷ್ಟು ದಿನ ಗಟ್ಟಿಯಾಗಿ ಕೂತರೆ ಗೌಡರಿಗೆ ಏಳು ತಿಂಗಳ ಬಾಡಿಗೆ ಆಕಾಶದಿಂದಲೇ ಜಮಾ. ಖಜಾನೆಯಲ್ಲಿ ಕೂತು ಹತ್ತಾರು ಬಿಲ್ಲುಗಳಿಗೆ ಆಕ್ಷೇಪಣೆ ಬರೆಯುವ ನನಗೆ ಈ ಬಾಬತ್ತಿಗೆ ಏನು ಬರೆಯಬೇಕೋ ತೋಚಲಿಲ್ಲ.

ಕಾಯ್ದೆ ಹಿಡಿದೆ. 1897ರ ಜನರಲ್ ಕ್ಲಾಸಸ್ ಕಾಯ್ದೆ ಪ್ರಕಾರ ತಿಂಗಳು ಅಂದರೆ ಬ್ರಿಟಿಷ್ ಕ್ಯಾಲೆಂಡರಿನ ತಿಂಗಳು ಅಂದೆ. 'ಬ್ರಿಟಿಷರು ಹೋಗ್ಯಾರಲ್ರೀ. ಅವರ ತಿಂಗಳಾ ಇಲ್ಲೇ ಯಾಕ ಉಳೀತು?' ಅಂದರು. ಸುಣ್ಣ-ಬಣ್ಣಕ್ಕೆಂದು ಇನ್ನೊಂದಿಷ್ಟು ಮುರಿದುಕೊಂಡಾಗ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಹೇಳಿದೆ. ವಾಡಿಕೆಯ ಬಳಕೆಯಿಂದ ಆದ ಸವಕಳಿಗೆ ಬಾಡಿಗೆದಾರ ಹೊಣೆಯಲ್ಲ. ಗೌಡರು ನಕ್ಕರು. '1882ರಾಗ ಬಿಜಾಪುರ ಜಿಲ್ಲಾನ ಇದ್ದಿಲ್ರೀ. ಆಗ ನಮ್ದು ಕಲಾದಗಿ ಜಿಲ್ಲಾ. ನಿಮ್ಮ ಕಾಯ್ದೆ ಕಲಾದಗಿಗೆ ಹೋಗಿ ಹೇಳ್ರಿ.' ಸಿಟ್ಟಿನಿಂದ ಪುಸ್ತಕ ತೆಗೆದು ನೋಡಿದರೆ, ಆ ಕಾಯ್ದೆ ಮುಂಬಯಿ ಪ್ರಾಂತಕ್ಕೆ ಕಾಲಿಟ್ಟಿದ್ದೇ 1893ರಲ್ಲಿ! ಗೌಡರು ಹಾರಿಸಿದ ಗುಂಡು ಗುರಿಗೇ ತಾಗಿತ್ತು.

ಕೊನೆಯ ಅಸ್ತ್ರವಾಗಿ ಕೇಳಿದೆ. 'ನಿಮ್ಮ ತೋಟದ ಆಳು ಯುಗಾದಿಯಿಂದ ಯುಗಾದಿಗೆ ದುಡೀತಾನಲ್ಲ, ಆ ವರ್ಸ ಅವಂಗ ಹದಿಮೂರು ತಿಂಗಳ ಪಗಾರ ಕೊಟ್ರೇನು?' ಗೌಡರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ಆಮೇಲೆ, 'ಆಳಿಂದು ವರ್ಸದ ಲೆಕ್ಕ, ಮನೀದು ತಿಂಗಳ ಲೆಕ್ಕ' ಅಂದರು. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ. ಅರ್ಧ ತಿಂಗಳಿಗೆ ವ್ಯವಹಾರ ಹರಿಯಿತು. ಸಾಮಾನಿನ ಟೆಂಪೋ ಹೊರಡುವಾಗ ಒಂದು ಚೀಲ ಲಿಂಬೆಹಣ್ಣು ಮೇಲಿಟ್ಟು, 'ಇದು ವಹಿಗಿಲ್ಲ' ಅಂದರು. ಬೈಯಬೇಕೆಂದು ಬಾಯಿ ತುಂಬಾ ಇಟ್ಟುಕೊಂಡದ್ದನ್ನು ನುಂಗಿಕೊಂಡೆ.

ಕೆಲವು ತಿಂಗಳಾದ ಮೇಲೆ ಗೌಡರ ಫೋನು. ಮಗ ಬೆಂಗಳೂರಲ್ಲಿ ಮನೆ ಬಿಟ್ಟಿದ್ದಾನೆ, ಹತ್ತು ತಿಂಗಳ ಅಡ್ವಾನ್ಸಿನಲ್ಲಿ ಮಾಲಕರು ಬಣ್ಣಕ್ಕೆಂದು ಒಂದು ತಿಂಗಳದ್ದು ಹಿಡಿದಿದ್ದಾರೆ. 'ಮನುಷ್ಯಾರು ಇದ್ದ ಮ್ಯಾಲ ಗ್ವಾಡಿ ಹೊಲಸ ಆಗೂದಿಲ್ಲೇನ್ರೀ? ಹುಡುಗ ಮೆತ್ತಗದಾನ, ಏನೂ ಅಂದಿಲ್ಲಂತ. ನಾ ಹೋಗಿ ಜಗಳಾ ಮಾಡೂಣು ಅಂದ್ರ ಅಷ್ಟು ದೂರ, ಭಾಷಾನೂ ತಿಳಿಯಂಗಿಲ್ಲ ಅವರಿಗಿ.' ತುಸು ತಡೆದು ಕೇಳಿದರು: 'ಆ ಕಲಾದಗಿ ಕಾಯ್ದೇದ ನಂಬರ್ ಎಷ್ಟಂದ್ರಿ?'

ಹೇಳಿದೆ. ಬರೆದುಕೊಂಡರು, ಅದೇ ವಹಿಯಲ್ಲೇ ಇರಬೇಕು.

ಆ ಕಡೆ ಮನೆ ಹುಡುಕುತ್ತಿರುವವರಿಗೆ ಒಂದು ಮಾತು: ನಳಕ್ಕೆ ನೀರು ಬರುತ್ತದೋ ಇಲ್ಲವೋ ಆಮೇಲೆ ನೋಡಿ, ಮೊದಲು ಮಾಲಕರ ತಿಂಗಳು ಯಾವುದೆಂದು ಕೇಳಿಕೊಳ್ಳಿ. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ.