ಅಧ್ಯಕ್ಷ ಯಾರು?

ಕಣಗಿನಹಾಳದ ಕಟ್ಟೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಊರು. ಅಂದು ಸಾಲಕ್ಕೆ ಕೂಡಿದ್ದಾಯ್ತು; ಇಂದು ನೀರಿಗೆ.

“ಕಾಕಾ, ಗದಗ ಜಿಲ್ಲಾದ ಎಷ್ಟೋ ಬೋರಿನಾಗ ಫ್ಲೋರೈಡ್ ಐತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರ ಹಲ್ಲು ಕೆಡತಾವು, ಇನ್ನೂ ಹೆಚ್ಚಾದ್ರ ಎಲುಬೂ ಕೆಡತಾವು.”

“ಕಾಸಿ ಕುಡದ್ರಾತು ಬಿಡೋ ತಮ್ಮಾ.”

“ಕಾಸಿದ್ರ ನೀರು ಆವಿಯಾಗತೈತಿ, ಫ್ಲೋರೈಡ್ ಅಲ್ಲೇ ಕುಂದರತೈತಿ!”

“ಹಂಗಾರ ಬರೇ ಚಾ ಕುಡಿಯೋಣು.”

“ಚಾಪುಡಿಯೊಳಗೂ ಐತಿ!”

ಕಾಕಾ ಬಸಿ ಕೆಳಗಿಟ್ಟ. “ಕಮಿಟಿ ಮಾಡ್ರಿ. ಅಧ್ಯಕ್ಷ ಯಾರಾಗ್ತೀರಿ?”

ಹನ್ನೊಂದು ಕೈ ಎದ್ದವು. ಕಟ್ಟೆಯ ಮೇಲೆ ಇದ್ದವರು ಹತ್ತೇ ಮಂದಿ. ಒಬ್ಬ ಎರಡೂ ಕೈ ಎತ್ತಿದ್ದ.

“ನೀರಿನ ಬಾಟ್ಲಿ ಗದಗಿನ ಲ್ಯಾಬಿಗೆ ಯಾರು ಒಯ್ತೀರಿ?”

ಕೈಗಳೆಲ್ಲ ಕಿಸೆಯೊಳಗಿಳಿದವು. ಕೊಡ ಹೊತ್ತು ಹೊಂಟಿದ್ದ ಅವ್ವ ನಿಂತಳು: “ತಾ ಇಲ್ಲೆ. ಬಸ್ಸಿಗೆ ಇನ್ನೂ ಹೊತ್ತೈತಿ.”